ಎಲ್ಲಿಂದ ಅಳೆಯುವುದು

ನನ್ನ ಕೆಲಸ ಕೋಲು ಹಿಡಿಯುವುದು.
ಕೋಲಿನ ತುದಿಗೊಂದು ಗಾಜು. ಆಚೆ ದಿಬ್ಬದಲ್ಲಿ
ಮುಕ್ಕಾಲಿಯ ಮೇಲೆ ಯಂತ್ರ,
ಯಂತ್ರಕ್ಕೆ ಕಣ್ಣು ಕೊಟ್ಟ ಇಂಜಿನಿಯರ್ ವಾಇಲ್.
ಅವನಿಗೆ ಕಾಣುವುದು ಗಾಜು ಮಾತ್ರ,
ಹಿಡಿದವನ ಕಾಲು ಎಲ್ಲಿದೆ ಅನ್ನುವುದಲ್ಲ.
ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಫುಜೈರಾದ ಬೆಟ್ಟಗಳೊಳಗೆ, ಲಾರಿ ದಾರಿ ಮುಗಿಯುವಲ್ಲಿ
ಹನ್ನೊಂದು ಮನೆಯ ಊರು.
ಬೆಟ್ಟ ಕಪ್ಪು. ಎಲೆಗಳೆಲ್ಲ ಬೂದಿ,
ಬೆಂಕಿಯಿಂದಲ್ಲ, ಕ್ರಷರಿನಿಂದ.
ಇಲ್ಲಿಯವರು ಖರ್ಜೂರವನ್ನು ಉಜ್ಜಿ ತಿನ್ನುತ್ತಾರೆ,
ನಾವು ಕನ್ನಡಕ ಒರೆಸಿಕೊಂಡ ಹಾಗೆ.

ಹೊಸ ನಿಯಮ ಬಂದಿದೆ. ಪುರಸಭೆಯ ಕಾಗದ, ಹಸಿರು ಮೊಹರು:
ಮನೆಯಿಂದ ಐನೂರು ಮೀಟರು ಬಿಟ್ಟು ಕಲ್ಲು ಒಡೆಯತಕ್ಕದ್ದು,
ವಾದಿಯ ಹರಿವಿನಿಂದ ನೂರು.
ಸಿಡಿಮದ್ದು ಲುಹರ್ ಬಾಂಗಿಗೆ ಮುನ್ನ, ಶುಕ್ರವಾರ ಕೂಡದು.
ಲಾರಿಗೆ ಟಾರ್ಪಾಲು, ದಾರಿಗೆ ದಿನಕ್ಕೆ ಮೂರು ಸಲ ನೀರು.
ತಪ್ಪಿದರೆ ದಂಡ, ದಿರಹಮ್ಮಿನಲ್ಲಿ.

ನಮ್ಮೂರ ಗದ್ದೆಯಂಚಲ್ಲಿ ಒಂದು ಶಾಸನದ ಕಲ್ಲು,
ಎಮ್ಮೆ ಮೈ ತಿಕ್ಕಿ ತಿಕ್ಕಿ ಅರ್ಧ ಅಳಿಸಿದ್ದು.
ಎಲ್ಲೆ ಮೀರಿದವನಿಗೆ ಅದರಲ್ಲಿ ದಂಡವಿಲ್ಲ,
ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ.
ನೆತ್ತಿಯಲ್ಲಿ ಸೂರ್ಯ, ಚಂದ್ರ; ಅವರಿರುವ ತನಕ ಅದರ ಅವಧಿ.
ಈ ಕಾಗದದ್ದು ಐದು ವರ್ಷ.

ಸರಿ, ಮನೆಯಿಂದ ಅಂದರೆ ಎಲ್ಲಿಂದ?
ಗೋಡೆಯಿಂದ, ಅಂದ ವಾಇಲ್.
ಬಾಗಿಲಿಂದ, ಅಂದ ಕಂಪನಿಯ ಕಡೆಯವನು.
ಬಾಗಿಲು ಬೆಟ್ಟಕ್ಕೆ ಬೆನ್ನು ಹಾಕಿ ಆಚೆ ಬದಿಗಿತ್ತು.

ಶಮ್ಸಾ ಮುದುಕಿ ಹೊಳೆಯುವ ಮುಖಪಟ್ಟಿಯೊಳಗೇ ನಕ್ಕಳು.
ಮೊಮ್ಮಗನ ಕೈಹಿಡಿದ ಹಾಗೆ ನನ್ನ ಕೋಲು ಹಿಡಿದು
ನಡೆಸಿಕೊಂಡು ಹೋದಳು.
ಆಡಿನ ಕೊಟ್ಟಿಗೆ ಮನೆಯಲ್ಲವೋ?
ಮದ್ದಿಗೆ ಬೆಚ್ಚಿ ಆಡು ಹಾಲು ಬತ್ತಿಸಿದರೆ
ಚಹಾ ಕಪ್ಪಗಾಗುವುದು ಯಾರ ಮನೆಯಲ್ಲಿ?
ಫಲಜಿನ ತಾಯಿಬಾವಿ? ಅದು ನಡುಗಿ ಕೆಸರಾದ ವಾರ
ಬೀಗರು ಬಂದಿದ್ದರು, ಟ್ಯಾಂಕರ್ ಬರಲಿಲ್ಲ.
ಆಮೇಲೆ ಒಂದು ಬೋರೆಮರ.
ಅದರಡಿ ಹೆಸರಿಲ್ಲದ ಎರಡು ಕಲ್ಲು,
ತಲೆಗೊಂದು, ಕಾಲಿಗೊಂದು;
ನಡುವೆ ಒಂದು ಮೊಳ ನೆಲ. ಅಷ್ಟೂ ಇಲ್ಲ.
ಅಲ್ಲಿ ಅವಳು ಏನೂ ಕೇಳಲಿಲ್ಲ.
ನನಗೆ ಅರಬ್ಬಿ ಅಷ್ಟಕ್ಕಷ್ಟೆ. ಬೇಕಾಗಲೂ ಇಲ್ಲ.

ವಾಕಿಟಾಕಿ ಕೆಮ್ಮಿತು:
ಬೂವಬ್ಬ, ಗೋಡೆಯ ಮೂಲೆಯಲ್ಲಿದ್ದೀಯಾ?
(ಪೂವಪ್ಪ ನಾನು. ಅವರ ನಾಲಿಗೆಗೆ ಪಕಾರವಿಲ್ಲ.)
ಆಗಷ್ಟೇ ಎಂಟು ಲಾರಿ ಸಾಲಾಗಿ ಇಳಿದು ಹೋಗಿದ್ದವು,
ಟಾರ್ಪಾಲು ಇಲ್ಲದೆ.
ಆ ಧೂಳಲ್ಲಿ ಗೋಡೆಯೂ ಮರವೂ ಒಂದೇ ಬಣ್ಣ.
ಇದ್ದೇನೆ, ಅಂದೆ.
ಬೋರೆಯ ಬುಡಕ್ಕೆ ಕೋಲು ಊರಿ
ರಸಗುಳ್ಳೆಯನ್ನು ನಡುವಿಗೆ ತಂದು ಉಸಿರು ಹಿಡಿದೆ.
ಯಂತ್ರ ಕುಂಯ್ ಅಂದಿತು. ಅಂಕೆ ಬಿತ್ತು.

ಅರವತ್ತೆರಡು ಮೀಟರು ಬೆಟ್ಟ ಉಳಿಯಿತು.
ದೊಡ್ಡ ಮಾತೇನಲ್ಲ; ಬಂದರಿನ ಹಡಗಿಗೆ ಒಂದು ಬೆಳಗಿನ ತುತ್ತು.
ಕಂಪನಿಯವರು ಕೆಂಪು ಧ್ವಜಗಳನ್ನು ಕಿತ್ತು
ಬೆಟ್ಟದ ಆಚೆ ಮಗ್ಗುಲಿಗೆ ನೆಟ್ಟರು.
ಅಲ್ಲಿ ಯಾರ ಆಡು, ಯಾರ ಬಾವಿ,
ಅಲ್ಲಿ ಕೋಲು ಹಿಡಿದವನು ಯಾರು,
ನಾನು ವಿಚಾರಿಸಲಿಲ್ಲ.

ಗಡಿಕಲ್ಲು ಸರಿಸಿದವನಿಗೆ ಉಂಡ ಅನ್ನ ದಕ್ಕದು
ಎನ್ನುತ್ತಿದ್ದಳು ನನ್ನ ಅಜ್ಜಿ.
ಆ ರಾತ್ರಿ ಕ್ಯಾಂಪಿನಲ್ಲಿ ಬಂಗುಡೆ ಸಾರು.
ಎರಡು ಸಲ ಬಡಿಸಿಕೊಂಡೆ. ಕಾದೆ.
ಮೂರನೆಯ ತುತ್ತಿನಲ್ಲಿ ಹಲ್ಲಿಗೆ ಹರಳು ಸಿಕ್ಕಿತು,
ಕಪ್ಪಗೆ, ಎಳ್ಳಿನಷ್ಟು.
ತಟ್ಟೆಯ ಅಂಚಿಗಿಟ್ಟು
ಉಳಿದ ಅನ್ನ ಉಂಡೆ.