ಗಾಜಿನ ಹೊಟ್ಟೆ

ಧಾರವಾಡದ ಲ್ಯಾಬಿನಲ್ಲಿ, ಮೂವತ್ತೇಳು ಡಿಗ್ರಿಯ ಕಾವಲ್ಲಿ
ತೂಗುತ್ತಿದೆ ಗಾಜಿನದೊಂದು ಹೊಟ್ಟೆ.
ಹಸಿವಿಲ್ಲ ಅದಕ್ಕೆ, ತೇಗಿಲ್ಲ,
ಉಂಡಿಯಾ ಅಂದರೆ ಹೂಂ ಅನ್ನುವುದಿಲ್ಲ.

ಮೆಹರೂನ್ ನದಾಫ ಇವತ್ತು ಉಣಿಸಿದ್ದು
ಗದಗಿನಿಂದ ಅಪ್ಪನ ಗಾಡಿಯ ಮಿರ್ಚಿ.
ಎಣ್ಣೆ ಪಾಕೀಟಿನ ಮೇಲೆ ಇರುವೆಯಷ್ಟು ಅಂಕಿ:
ಮುನ್ನೂರಾ ಹತ್ತೊಂಬತ್ತು.

"ಎಣ್ಣಿ ಕಮಟಾಗಬಾರ್ದಂತ ಹಾಕ್ತಾರಪಾ,
ಗಾಳಿ ಕೂಡ ಗುದ್ದಾಡತೈತಿ ಅದು."
"ಮಂದಿ ಹೊಟ್ಯಾಗ ಹೋಗಿ
ಯಾರ ಕೂಡ ಗುದ್ದಾಡತೈತೆವಾ?"

ಹುಳಿ ಬಿತ್ತು. ಎರಡು ತಾಸು.
ಪಿತ್ತ ಬಿತ್ತು. ಮತ್ತೆರಡು.
ಜಿಡ್ಡು ಸಾಸಿವೆಗಿಂತ ಸಣ್ಣಗೆ ಒಡೆಯಿತು;
ಅದರ ಬೆನ್ನೇರಿದ ಕಾವಲುಗಾರ
ಒಂದಿಷ್ಟು ಸವೆದು, ಒಂದಿಷ್ಟು ಹಾಗೇ,
ಕರುಳಿನ ಹೊಸ್ತಿಲ ತನಕ.

ಅದರಾಚೆಯದು ಗಾಜಿಗೆ ಗೊತ್ತಿಲ್ಲ.

ಅಂಕಿ ಬರೆದಿಟ್ಟು ಅವಳು
ಡಬ್ಬಿಯಲ್ಲಿ ಉಳಿದ ಒಂದನ್ನು ತಿಂದಳು,
ತಣ್ಣಗಿತ್ತು. ಖಾರ ಮಾತ್ರ
ಅಪ್ಪನದೇ.