ಮುರಿದ ಹಲ್ಲಿನ ಕ್ಲಿಪ್ಪು

ಗೌತಮ್‌ಚಂದ್ ಸೇಠರು ಶಿಖರಜಿಗೆ ಹೋಗಿ ಬರುವಷ್ಟರಲ್ಲಿ
ಇಪ್ಪತ್ತೆರಡು ದಿನ. ಶೆಡ್ಡಿನಲ್ಲಿ ನಿಂತಲ್ಲೇ ನಿಂತು
ಕಾರಿನ ಬ್ಯಾಟರಿ ಇಳಿದುಹೋಗಿತ್ತು.
ಅರ್ಧ ಪೆಟ್ರೋಲು, ಅರ್ಧ ಕರೆಂಟಿನ ಕಾರು,
ಇಡೀ ಮಂಡಿಪೇಟೆಗೆ ಒಂದೇ.
ನಾನು ಅವತ್ತು ಹರಿಹರದಲ್ಲಿದ್ದೆ, ಯಾವುದೋ ಲಾರಿಯ ಡೈನಮೊ ಬಿಚ್ಚುತ್ತ.
ಉಸ್ತಾದರೇ ಹೋದರು
ಹೆಗಲಿಗೆ ಕೇಬಲ್ಲು ಸುತ್ತಿಕೊಂಡು.

ಬುಡೇನ್ ಸಾಬ್ ಉಸ್ತಾದ್:
ಪಿ.ಬಿ. ರಸ್ತೆಯಲ್ಲಿ ನಲವತ್ತು ವರ್ಷ
ಲಾರಿಗಳ ನಾಡಿ ಹಿಡಿದವರು.
ಕಾಟನ್ ಮಿಲ್ಲಿನ ಸೈರನ್ನಿಗೆ ಅಂಗಡಿ ತೆರೆದವರು,
ಸೈರನ್ನು ನಿಂತ ಮೇಲೂ ಅದೇ ಹೊತ್ತಿಗೆ ತೆರೆಯುವವರು.

ಪೌಣೆನಾಲ್ಕಕ್ಕೆ ಫೋನು.
"ತಿಪ್ಪೇಶಿ, ಕಿಡಿ ಹಾರ್ತಪ್ಪ.
ಒಂದೇ ಒಂದು. ಆಮೇಲೆ ಏನೂ ಇಲ್ಲ."

ಡಿಕ್ಕಿಯಲ್ಲಿ ಬ್ಯಾಟರಿ. ಡಿಕ್ಕಿಗೆ ಕರೆಂಟಿನ ಬೀಗ.
ಬೀಗ ತೆಗೆಯಲು ಕರೆಂಟು ಬೇಕು,
ಕರೆಂಟು ಕೊಡಲು ಬೀಗ ತೆಗೆಯಬೇಕು.
ಹಿಂದಿನ ಸೀಟು ಮಡಚಿ, ಬಾಯಲ್ಲಿ ಟಾರ್ಚು ಕಚ್ಚಿ
ಹೊಟ್ಟೆಯ ಮೇಲೆ ತೆವಳಿದೆ.
ಸೇಠರ ಹೆಂಡತಿ ಹೊಸಿಲಲ್ಲಿ ನಿಂತು
ಸೀಟಿನ ಕವರಿಗೆ ಗ್ರೀಸು, ಗ್ರೀಸು ಅನ್ನುತ್ತಿದ್ದರು.

ಬೇರೆ ಬ್ಯಾಟರಿ ಕೂರಿಸಿ ಮೀಟರು ಹಿಡಿದೆ.
ಹಿಂದೆ ಹನ್ನೆರಡೂವರೆ ವೋಲ್ಟು.
ಮುಂದೆ, ಬಾನೆಟ್ಟಿನ ಕೆಳಗೆ, ಸೊನ್ನೆ.
ಹೊರಟದ್ದು ಹೊರಟಿದೆ, ಬರಬೇಕಾದಲ್ಲಿಗೆ ಬಂದಿಲ್ಲ.
ನಡುವೆ ಎಲ್ಲೋ ಸೇತುವೆ ಬಿದ್ದಿದೆ.

ಉಸ್ತಾದರ ಕೈ ಕಿತ್ತಳೆ ವೈರಿನ ಕಡೆ ಚಾಚಿತು.
"ಅದನ್ನ ಮುಟ್ಟಬ್ಯಾಡ್ರಿ, ಇನ್ನೂರರ ಮೇಲೈತೆ!"
ಅವರಿಗೆ ನಾನು ಮುಟ್ಟಬೇಡಿ ಅಂದದ್ದು
ಅದೇ ಮೊದಲು.
ಕೈ ಹಿಂದಕ್ಕೆ ಹೋಗಿ
ಜೇಬು ಹುಡುಕಿಕೊಂಡಿತು.

ಫ್ಯೂಸಿನ ಪೆಟ್ಟಿಗೆಯಲ್ಲಿ ಸಿಕ್ಕಿತು:
ನೂರ ನಲವತ್ತು ಆಂಪಿನ ಪಟ್ಟಿ,
ನಡು ಮುರಿದು, ಬಾಣಲೆಯ ತಳ ಕಂಡ ಮೆಣಸಿನಕಾಯಿಯ ಹಾಗೆ.
ಉಲ್ಟಾ ಕೊಟ್ಟಾಗ ಹೋಗುವುದು ಇದೇ.
ಇದು ಹೋದದ್ದಕ್ಕೇ ಉಳಿದದ್ದು ಉಳಿದಿರಬಹುದು.
ಇರಬಹುದು ಅಷ್ಟೇ, ಹೊಸದು ಹಾಕುವ ತನಕ ಗೊತ್ತಿಲ್ಲ.

"ವಯಸ್ಸಾಯ್ತು ಸೇಠ್‌ಜಿ," ಅಂದರು ಉಸ್ತಾದ್,
"ಕೆಂಪು ಕಪ್ಪು ತಿಳೀಲಿಲ್ಲ."

ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿಗೆ ಫ್ಯೂಸು ಬಂತು,
ಕಂಡಕ್ಟರನ ಕೈಯಲ್ಲಿ, ಬೆಂಕಿಪೊಟ್ಟಣದಷ್ಟು.
ನಟ್ಟು ಬಿಗಿಯುವಾಗ ಕಣ್ಣು ನಮ್ಮ ಕೇಬಲ್ಲಿನ ಮೇಲೆ ಬಿತ್ತು.
ಬಿದ್ದದ್ದು ಏಳಲಿಲ್ಲ.

ನಮ್ಮ ಕೇಬಲ್ಲಿಗೆ ಬಣ್ಣವೇ ಇಲ್ಲ.
ಗ್ರೀಸು ಕುಡಿದೂ ಕುಡಿದೂ ಎರಡೂ ಒಂದೇ ಕಪ್ಪು.
ಕೆಂಪಿನ ಕ್ಲಿಪ್ಪಿಗೆ ಮಾತ್ರ ಒಂದು ಹಲ್ಲು ಮುರಿದಿತ್ತು.
ಉಸ್ತಾದರು ಎಂದೂ ನೋಡುತ್ತಿರಲಿಲ್ಲ,
ಹೆಬ್ಬೆರಳಲ್ಲಿ ಹಲ್ಲು ಎಣಿಸುತ್ತಿದ್ದರು.
ಹೋದ ಸೋಮವಾರ, ಕಪ್ಪಿನ ಸ್ಪ್ರಿಂಗು ಸಡಿಲವಾಯಿತೆಂದು
ಅದನ್ನು ಬಿಸಾಕಿ, ಹಲ್ಲು ಮುರಿದದ್ದನ್ನು ಕಪ್ಪಿಗೆ ಹಾಕಿ
ಕೆಂಪಿಗೆ ಹೊಸದು ಕಚ್ಚಿಸಿದವನು ನಾನು.
ಹೇಳಿರಲಿಲ್ಲ.
ಹೇಳುವಂಥದ್ದು ಅನ್ನಿಸಿರಲಿಲ್ಲ.

ಬ್ರೇಕು ತುಳಿದು ಗುಂಡಿ ಒತ್ತಿದೆ.
"ಸ್ಟಾರ್ಟ್ ಮಾಡೋ."
"ಆಗೈತೆ ಉಸ್ತಾದ್."
"ಸದ್ದೆಲ್ಲಿ?"
ಹಸಿರು ದೀಪ ಹತ್ತಿತ್ತು. ಈ ಕಾರಿನ ಎಂಜಿನ್ನು
ತನಗೆ ಬೇಕಾದಾಗ ಏಳುತ್ತದೆ.
ಅವರು ಬಾನೆಟ್ಟಿಗೆ ಕಿವಿ ಕೊಟ್ಟು ಬಾಗಿಯೇ ಇದ್ದರು,
ನಲವತ್ತು ವರ್ಷದ ಕಿವಿ, ಕೇಳಲು ಏನೂ ಇಲ್ಲ.
ಆ ಖಾಲಿ ಜಾಗದಲ್ಲಿ ಹೇಳಿಬಿಟ್ಟೆ.

ಕೇಬಲ್ಲು ಎತ್ತಿಕೊಂಡರು.
ಹೆಬ್ಬೆರಳು ಒಂದು, ಎರಡು, ಮೂರು ಅಂತ ನಡೆದು
ಸಂದಿನಲ್ಲಿ ನಿಂತಿತು.
"ಇದು ಈಗ ಕಪ್ಪಾ?"
"ಕಪ್ಪು."
ಬೈಯಲಿಲ್ಲ. ಬೈದಿದ್ದರೆ ಮುಗಿಯುತ್ತಿತ್ತು.

"ಅರ ತಗೊಂಡು ಬಾ."
ಫುಟ್‌ಪಾತಿನ ಅಂಚಿಗೆ ಕೂತು
ಹೊಸ ಕ್ಲಿಪ್ಪಿನ ಎರಡು ಹಲ್ಲು ಉಜ್ಜತೊಡಗಿದರು.
"ಎರಡು ಹೋಗಿದ್ದರೆ ಕೆಂಪು. ನೆನಪಿಟ್ಕೊ."
ಫ್ಯೂಸಿನ ದುಡ್ಡು ಯಾರ ಲೆಕ್ಕಕ್ಕೆ ಎಂದು
ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.
ಅಷ್ಟರಲ್ಲಿ ಕಾರಿನ ಎಂಜಿನ್ನು
ತಾನಾಗಿಯೇ ಎದ್ದು ಗುರ್ ಅಂದಿತು.
ಅವರು ತಲೆ ಎತ್ತಲಿಲ್ಲ.