ಒಂದು ಮೀಟರು ಐವತ್ತಾರೂವರೆ

ಕಾದಾಗಲೇ ಬಡಿ ಕಬ್ಬಿಣವ ಎಂದ ಹಿರಿಯರು
ಎರೇಯ್ಲಿಗೆ ಬಂದವರಲ್ಲ.
ಕಪ್ಪು ಸಮುದ್ರದ ಈ ದಡದಲ್ಲಿ
ಆರಿದ ಮೇಲೇ ಅದಕ್ಕೆ ನಿಜವಾದ ಪೆಟ್ಟು.
ಆ್ಯಸಿಡ್ಡಿನಲ್ಲಿ ಮಿಂದು, ಕರಿ ಹೊಪ್ಪಳೆ ಕಳಚಿ,
ಐದು ಜೋಡಿ ಉರುಳೆಗಳ ನಡುವೆ ನುಸುಳಿ
ಮೂರು ಮಿಲಿಮೀಟರು ಇದ್ದದ್ದು ಮುಕ್ಕಾಲಿಗೆ ಇಳಿಯುತ್ತದೆ.
ತಣ್ಣನೆ ಕೆಲಸ ಅಂತ ಹೆಸರು.
ಆಗಷ್ಟೇ ಸುತ್ತಿದ ಸುರುಳಿಯ ಮೇಲೆ ಕೈಯಿಟ್ಟು ನೋಡಿ,
ಬೆರಳು ಚುರ್ರೆನ್ನುತ್ತದೆ.

ಅರೆಸಿಕೊಂಡದ್ದು ಹಟ ಕಲಿಯುತ್ತದೆ.
ಬಗ್ಗಿಸಿದರೆ ಬಿರಿಯುತ್ತದೆ, ಮಾತು ಕೇಳದು.
ಅದಕ್ಕೇ ಗಂಟೆಯಾಕಾರದ ಕುಲುಮೆಯೊಳಗೆ
ಒಂದರ ಮೇಲೊಂದು ನಾಲ್ಕು ಸುರುಳಿ ಕೂರಿಸಿ
ಬೇಯಿಸಿ ಆರಿಸುತ್ತಾರೆ.
ಮೂರನೆಯ ದಿನ ಮುಚ್ಚಳ ಎತ್ತಿದರೆ
ಸಿಟ್ಟಿಳಿದಿರುತ್ತದೆ, ಹದಕ್ಕೆ ಬಂದಿರುತ್ತದೆ.
(ನನ್ನ ಅತ್ತಿಗೆಗೆ ಮೂರು ವರ್ಷ ಬೇಕಾಯಿತು.)

ಕೊನೆಗೊಂದು ಹಗುರ ಒತ್ತು, ಬರೀ ಮೈಗೆ,
ನೂರಕ್ಕೆ ಒಂದು ಪಾಲು ಉದ್ದವಾಗುವಷ್ಟು.
ಆಮೇಲೆ ಎಣ್ಣೆ. ಆಮೇಲೆ ನಾನು.

ನನ್ನ ಕೆಲಸ ನೋಡುವುದು.
ಟ್ಯೂಬ್‌ಲೈಟುಗಳ ಗೂಡಿನಲ್ಲಿ ಎಂಟು ಗಂಟೆ
ಹಾಳೆ ಓಡುತ್ತದೆ, ನಾನು ಕೂತಿರುತ್ತೇನೆ.
ಮೊದಲ ವಾರ ಕಣ್ಣು ಮುಚ್ಚಿದರೂ ಓಡುತ್ತಿತ್ತು,
ಮನೆಗೆ ಹೋಗುವ ಬಸ್ಸಿನಲ್ಲಿ ಸಮುದ್ರವೇ ಹಿಂದಕ್ಕೆ ಹರಿಯುತ್ತಿತ್ತು.
ಗೀರು, ತುಕ್ಕಿನ ಚುಕ್ಕೆ, ಅಂಚಿನ ಅಲೆ, ಒಣಗಿದ ಎಣ್ಣೆಯ ಕಲೆ,
ಎಲ್ಲಕ್ಕೂ ಒಂದೊಂದು ನಂಬರಿದೆ,
ಕೆಲವಕ್ಕೆ ಬೈಗುಳವೂ.

ಮಂಗಳವಾರ ರಾತ್ರಿಪಾಳಿ.
ಹಾಳೆ ಕಣ್ಣು ಹೊಡೆದಂತಾಯಿತು.
ಮತ್ತೆ.
ಮತ್ತೆ.
ಲೈನು ನಿಲ್ಲಿಸಿ ಎಣ್ಣೆಗಲ್ಲು ಉಜ್ಜಿದೆ.
ಉಬ್ಬಿದ್ದಲ್ಲಿ ಹೊಳೆಯಿತು, ಸಾಸಿವೆಯಷ್ಟೂ ಇಲ್ಲ, ಗಸಗಸೆ.
ಟೇಪು ಹಿಡಿದೆ: ಒಂದು ಮೀಟರು ಐವತ್ತೇಳು.
ಮುಂದಿನದಕ್ಕೆ ಒಂದು ಮೀಟರು ಐವತ್ತೇಳು.

ತಪ್ಪು ಒಂದೇ ಸಲವಾದರೆ ಯಾರದೂ ಅಲ್ಲ,
ಧೂಳು, ನೊಣ, ದೇವರು.
ಲೆಕ್ಕ ತಪ್ಪದೆ ಬಂದರೆ ಅದಕ್ಕೊಂದು ಉರುಳೆಯಿದೆ,
ಹಾಳೆಯ ಉಬ್ಬಿಗೆ ಉರುಳೆಯಲ್ಲೊಂದು ಗುಳಿ,
ಉರುಳೆಗೊಂದು ಚೀಟಿ,
ಚೀಟಿಯಲ್ಲಿ ಸಾಣೆ ಹಿಡಿದವನ ಸಹಿ.

ಮುಅಮ್ಮರ್ ಉಸ್ತಾ.
ಉಗುರಿನಲ್ಲಿ ಸವರಿ ಮೈಕ್ರಾನು ಹೇಳುತ್ತಿದ್ದವನು.
ನಿವೃತ್ತಿಗೆ ಹತ್ತೊಂಬತ್ತು ದಿನ.
ನಾನು ಸೇರಿದ ವರ್ಷ, ಹೆಂಗಸಿಗೇಕಮ್ಮ ಈ ಕಣ್ಣುನೋವು ಎಂದು
ಪಾಳಿಯೆಲ್ಲ ನಕ್ಕಾಗ
ಮಾತಾಡದೆ ಬಂದು, ಜೇಬಿನಿಂದ ಹುರಿದ ಫಿಂದಿಕ್ ಕಾಯಿ ತೆಗೆದು
ನನ್ನ ಮೇಜಿನ ಮೇಲೆ ಸುರಿದು ಹೋದವನು.

ಫೋನು ಮಾಡಿದೆ. ಬಂದ.
ಕನ್ನಡಕ ಹಣೆಗೇರಿಸಿ ಗುರುತಿನ ಮೇಲೆ ಹೆಬ್ಬೆರಳಿಟ್ಟ.
ಪಂಪುಗಳ ಸದ್ದು ಬಿಟ್ಟರೆ ಏನೂ ಇರಲಿಲ್ಲ.
ಆಮೇಲೆ ನನ್ನ ಟೇಪು ಇಸಿದುಕೊಂಡು ತಾನೇ ಅಳೆದ.
"ಐವತ್ತೇಳಲ್ಲ ಶುಕ್ರಾನ್, ಐವತ್ತಾರೂವರೆ.
ನಿನ್ನ ಕೊಕ್ಕೆ ಸಡಿಲ.
ಹೊಸದಿದ್ದಾಗ ಐವತ್ತೇಳಿತ್ತು,
ಸಾಣೆಗೆ ಸವೆದಿದೆ."

ಐವತ್ತಾರೂವರೆ ಎಂದೇ ಬರೆದೆ.
ಎರಡನೇ ದರ್ಜೆ, ಹದಿನೆಂಟು ಟನ್ನು.

ಮೊದಲ ದರ್ಜೆಯದು ಕಾರಿನ ಬಾಗಿಲಾಗುತ್ತದೆ,
ಬಟ್ಟೆ ಒಗೆಯುವ ಯಂತ್ರದ ಮುಖ,
ಬಣ್ಣ ಬಳಿಸಿಕೊಂಡು ಎದುರಿಗೆ ನಿಲ್ಲುವಂಥದು.
ಎರಡನೆಯದು ಫ್ರಿಜ್ಜಿನ ಬೆನ್ನು,
ಒಲೆಯ ಹೊಗೆ ಕೊಳವೆ, ಅಂಗಡಿ ಕಪಾಟು.
ಬೆನ್ನಿಲ್ಲದೆ ಯಾವ ಫ್ರಿಜ್ಜು ನಿಂತಿದೆಯೋ ಕಾಣೆ.

ಈ ಚಳಿಗಾಲ ದೂಝ್ಜೆಯ ಸಂತೆಯಲ್ಲಿ
ಒಂದು ಕಪಾಟು ಕೊಂಡೆ, ಅಗ್ಗದ್ದು.
ಒರೆಸುವಾಗ ಮಧ್ಯದ ಹಲಗೆಯ ಅಡಿಯಲ್ಲಿ
ಬೆರಳಿಗೆ ಏನೋ ಎಡವಿತು.
ಗಸಗಸೆ.

ಅದೇ ಇದು ಎನ್ನಲು ಇನ್ನೊಂದು ಗುರುತು ಸಿಗಬೇಕು,
ನಡುವೆ ಟೇಪು ಹಿಡಿಯಬೇಕು.
ಹಲಗೆ ಇರುವುದೇ ತೊಂಬತ್ತು ಸೆಂಟಿಮೀಟರು.

ಉಪ್ಪಿನಕಾಯಿ ಜಾಡಿ ಆರಿಟ್ಟಿದ್ದೇನೆ.
ಬಾಗಿಲ್ಲ.